ಉಂಟು ಕಿಟಕಿ

ನನ್ನ ನಾಲಿಗೆ ಕೆಟ್ಟದ್ದು ಎಂದು ಊರಿಗೆಲ್ಲ ಗೊತ್ತು. ಆ ನಾಲಿಗೆಗೇ ಪುರಸಭೆ ಸಂಬಳ ಕೊಡುತ್ತದೆ ಎಂದು ಕೆಲವರಿಗೆ ಹೊಟ್ಟೆಕಿಚ್ಚು ಕೂಡ. ಇಪ್ಪತ್ತಾರು ವರ್ಷದಿಂದ ನಾನು ಪುರಸಭೆಯ ಹಿಂಭಾಗದ ಕಿಟಕಿಯಲ್ಲಿ ಕೂರುತ್ತಿದ್ದೇನೆ. ಆ ಕಿಟಕಿಗೆ ಏನೋ ಸರಕಾರಿ ಹೆಸರು ಬೋರ್ಡಿನ ಮೇಲೆ ಬರೆದಿತ್ತು, ಬಣ್ಣ ಹೋಗಿ ಈಗ ಓದಲಿಕ್ಕೆ ಬರುವುದಿಲ್ಲ. ಜನ ಅದನ್ನು ಉಂಟು ಕಿಟಕಿ ಎನ್ನುತ್ತಾರೆ. ನನ್ನ ಹೆಸರು ವಾರಿಜ. ಎದುರಿಗೆ ವಾರಿಜಕ್ಕ ಎನ್ನುತ್ತಾರೆ. ಹಿಂದಿನಿಂದ ಏನೆನ್ನುತ್ತಾರೆ ಎಂಬುದೂ ನನಗೆ ಗೊತ್ತು, ಅದನ್ನು ಇಲ್ಲಿ ಬರೆಯುವುದು ಬೇಡ.

ನಮ್ಮ ಊರಿನಲ್ಲಿ ಹುಟ್ಟಿದವರ ಬಾಯಿಗೆ, ಇಲ್ಲದ ವಸ್ತುವಿನ ವಿಷಯದಲ್ಲಿ ‘ಉಂಟು’ ಎಂಬ ಮಾತು ಬರುವುದಿಲ್ಲ. ಬರುವುದಿಲ್ಲ ಎಂದರೆ ಬರುವುದೇ ಇಲ್ಲ. ಬಾಯಿ ಒಣಗುತ್ತದೆ, ನಾಲಿಗೆ ಅಂಗುಳಕ್ಕೆ ಅಂಟುತ್ತದೆ, ಅಷ್ಟೇ. ಇದರ ಬಗ್ಗೆ ನಾವು ಯಾರೂ ತಲೆ ಕೆಡಿಸಿಕೊಂಡಿಲ್ಲ. ಹಾಲಿನ ಡಿಪೋದವನು ಬೆಳಿಗ್ಗೆ ಎದುರಿಗೆ ಬಂದವರಿಗೆ ‘ಉಂಟು’ ಎನ್ನಲಿಕ್ಕೆ ಬಾಯಿ ತೆರೆಯುತ್ತಾನೆ, ಮಾತು ಹೊರಡದಿದ್ದರೆ ಕ್ಯಾನು ಖಾಲಿಯಾಯಿತೆಂದು ಅವನಿಗೂ ಆಗಲೇ ಗೊತ್ತಾಗುತ್ತದೆ. ಕಿವಿಯ ಓಲೆ ಕಳೆದುಕೊಂಡ ಹೆಂಗಸರು ಹುಡುಕುವ ಮೊದಲು ಜಗಲಿಯ ಮೇಲೆ ಕೂತು ‘ನನ್ನ ಓಲೆ ಉಂಟು’ ಎಂದು ಹೇಳಿ ನೋಡುತ್ತಾರೆ. ಮಾತು ಬಂದರೆ ಸೆರಗು ಸಿಕ್ಕಿಸಿಕೊಂಡು ಹುಡುಕುತ್ತಾರೆ. ಬಾರದಿದ್ದರೆ ಯಾರೋ ಕರಗಿಸಿದ್ದಾರೆ ಎಂದು ಎರಡು ಶಾಪ ಹಾಕಿ ಎದ್ದು ಒಲೆಯ ಮುಂದೆ ಹೋಗುತ್ತಾರೆ. ಮದುವೆ ಮಾತುಕತೆಯಲ್ಲಿ ಗಂಡಿನ ತಂದೆ ಹಿರಿಯರ ಎದುರು ‘ಗದ್ದೆ ಉಂಟು’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಲಾಗದವರು ‘ಇದ್ದೀತು’ ಎನ್ನುತ್ತಾರೆ. ಇದ್ದೀತು ಎಂಬ ಮಾತಿಗೆ ನಾಲಿಗೆ ತಡೆ ಮಾಡುವುದಿಲ್ಲ, ಹಾಗಾಗಿ ನಮ್ಮ ಊರಿನ ಅರ್ಧ ಸಂಸಾರ ಇದ್ದೀತು ಎಂಬ ಮಾತಿನ ಮೇಲೇ ನಡೆಯುತ್ತದೆ. ಬರೆಯುವಾಗಲೂ ತಡೆ ಇಲ್ಲ. ಬಾಯಿಗೆ ಆಗದ್ದು ಕೈಗೆ ಆಗುತ್ತದೆ. ಪುಸ್ತಕದಲ್ಲಿ ಯಾರು ಏನು ಬೇಕಾದರೂ ಬರೆಯಬಹುದು.

ಶಾಲೆಯಲ್ಲಿ ನಾನೊಮ್ಮೆ ಈ ಮಾತಿಗಾಗಿ ಪೆಟ್ಟು ತಿಂದಿದ್ದೆ. ‘ಬರುತ್ತಾನೆ’ ಎಂಬುದಕ್ಕೆ ‘ಬಂದನು’, ‘ಇದೆ’ ಎಂಬುದಕ್ಕೆ ‘ಇತ್ತು’ ಎಂದು ಭೂತಕಾಲ ಬರೆಯಿಸುತ್ತಿದ್ದ ಮಾಸ್ತರರು ‘ಉಂಟು’ ಎಂಬುದನ್ನೂ ಹಲಗೆಯ ಮೇಲೆ ಬರೆದರು. ನಾನು ಸ್ಲೇಟಿನಲ್ಲಿ ‘ಉಂಟಿತ್ತು’ ಎಂದು ಬರೆದೆ. ಅವರು ಬೆರಳ ಗಂಟಿಗೆ ಅಡಿಕೋಲಿನಿಂದ ಬಡಿದು, ‘ಆ ಮಾತಿಗೆ ಭೂತಕಾಲ ಇಲ್ಲ ಹುಡುಗಿ, ಇದ್ದಷ್ಟು ದಿನ ಉಂಟು, ಆಮೇಲೆ ಅದಕ್ಕೆ ಬೇರೆ ಮಾತು’ ಎಂದರು. ಆ ಪಾಠ ಮಾತ್ರ ನನಗೆ ಈವರೆಗೂ ಮರೆತಿಲ್ಲ.

ಮನುಷ್ಯರಿಗೆ ನಾವು ಉಂಟು ಎನ್ನುವುದಿಲ್ಲ. ಇದ್ದಾನೆ, ಇದ್ದಾಳೆ, ಇದ್ದಾರೆ ಎನ್ನುತ್ತೇವೆ. ಅಲ್ಲಿಯೂ ಇದೇ ಕಟ್ಟು. ಜೀವ ಇಲ್ಲದವರ ಹೆಸರಿನ ಮುಂದೆ ಆ ಮಾತು ಹೊರಡುವುದಿಲ್ಲ. ಜೀವ ಹೋಗಿ, ಇನ್ನೂ ಚಿತೆಗೆ ಇಡದ ದೇಹ ಮಾತ್ರ ‘ಉಂಟು’. ಸುಟ್ಟ ಮೇಲೆ ಅದೂ ಬರುವುದಿಲ್ಲ. ಯಾರಾದರೂ ಕಾಣೆಯಾದರೆ ಮನೆಯವರು ನನ್ನ ಕಿಟಕಿಗೆ ಬರುತ್ತಾರೆ. ಮನೆಯವರ ನಾಲಿಗೆ ಹೆದರಿಕೆಗೇ ಕಟ್ಟಿಹೋಗುತ್ತದೆ, ಅದನ್ನು ನಂಬುವ ಹಾಗಿಲ್ಲ. ನನಗೆ ಹಿಂದೆ ಮುಂದೆ ಯಾರೂ ಇಲ್ಲ, ಆದ್ದರಿಂದ ನನ್ನದು ನಿಷ್ಪಕ್ಷಪಾತದ ನಾಲಿಗೆ ಎಂದು ಪುರಸಭೆ ತೀರ್ಮಾನಿಸಿದೆ. ದೋಣಿಯಲ್ಲಿ ಹೋದವರು, ಹೆಂಡತಿಯ ಮೇಲೆ ಸಿಟ್ಟು ಮಾಡಿಕೊಂಡು ಹೋದವರು, ಸಾಲ ಕೊಟ್ಟವರಿಗೆ ಹೆದರಿ ಹೋದವರು, ಎಲ್ಲರ ಹೆಸರೂ ನನ್ನ ಬಾಯಿಂದ ಹಾದು ಹೋಗಿದೆ.

ಹೆಸರು ಮಾತ್ರ ಸರಿ ಇರಬೇಕು. ಹೆತ್ತವಳು ತೊಟ್ಟಿಲಲ್ಲಿ ಕರೆದ ಹೆಸರು. ತಪ್ಪು ಹೆಸರು ಹಿಡಿದು ಹೇಳಿದರೂ ನಾಲಿಗೆ ನಿಲ್ಲುತ್ತದೆ, ಆದರೆ ನಿಲ್ಲುವ ರೀತಿ ಬೇರೆ. ಸತ್ತವರ ಹೆಸರು ನಯವಾಗಿ ಬರುತ್ತದೆ, ‘ಇದ್ದಾನೆ’ ಎನ್ನುವಲ್ಲಿ ಬಾಯಿ ಒಣಗುತ್ತದೆ. ಹೆಸರೇ ತಪ್ಪಿದ್ದರೆ ಆ ಹೆಸರು ಅನ್ನದಲ್ಲಿ ಸಿಕ್ಕಿದ ಕಲ್ಲಿನ ಹಾಗೆ ಹಲ್ಲಿಗೆ ತಾಗುತ್ತದೆ, ಆಮೇಲೆ ಮಾತು ನಿಲ್ಲುತ್ತದೆ. ಕೇಳುವವರಿಗೆ ಎರಡೂ ಒಂದೇ, ವಾರಿಜಕ್ಕ ಮಾತು ಮುಗಿಸಲಿಲ್ಲ, ಅಷ್ಟೇ. ಒಳಗಿನ ವ್ಯತ್ಯಾಸ ನನ್ನೊಬ್ಬಳಿಗೆ ಗೊತ್ತು. ಇದನ್ನು ಮೊದಲೇ ಬರೆದು ಇಡುತ್ತಿದ್ದೇನೆ, ಆಮೇಲೆ ನೀವು ನನಗೆ ಗೊತ್ತಿರಲಿಲ್ಲವೇನೋ ಎಂದು ಕನಿಕರ ಪಡಬಾರದು.

ಊರಿನ ಹೊರಗೆ ಹಂಚಿನ ಕಾರ್ಖಾನೆ ಇದೆ. ಅದಕ್ಕೆ ಆವೆಮಣ್ಣು ತೆಗೆಯುವ ಗುಂಡಿ ನಮ್ಮ ಓಣಿಯಿಂದ ಒಂದು ಮೈಲಿ. ಮೇಲಿನ ಮಣ್ಣು ಮುಗಿದ ಮೇಲೆ ಗುಂಡಿಯ ಗೋಡೆಗೆ ಅಡ್ಡಲಾಗಿ ಗವಿ ಕೊರೆದು ಒಳಗಿನ ನುಣುಪು ಮಣ್ಣು ತೆಗೆಯುತ್ತಾರೆ. ಮೂಡು ಬದಿಗೆ ಒಂದು ಗವಿ, ಪಡು ಬದಿಗೆ ಒಂದು. ತಾಳೆಮರದ ತುಂಡು ನಿಲ್ಲಿಸಿ ಮೇಲಿನ ಭಾರ ತಡೆದಿರುತ್ತಾರೆ. ನನ್ನ ಪಕ್ಕದ ಮನೆಯ ಗುಲಾಬಿಯ ಗಂಡ ಶೀನ ಅಲ್ಲಿ ಹದಿನೆಂಟು ವರ್ಷದಿಂದ ಅಗೆಯುತ್ತಿದ್ದ. ಒಳ್ಳೆಯ ಮನುಷ್ಯ. ನನ್ನ ಬಾವಿಯ ರಾಟೆಗೆ ಹಗ್ಗ ಹಾಕಿಕೊಟ್ಟದ್ದು, ಸೋರುವ ಮಾಡಿಗೆ ಹಂಚು ಬದಲಿಸಿದ್ದು, ನನಗೆ ಜ್ವರ ಬಂದಾಗ ಗಂಜಿ ತಂದಿಟ್ಟು ‘ಬೈಲಿಕ್ಕಾದ್ರೂ ಎದ್ದು ಕೂತ್ಕೊಳ್ಳಿ ಅಕ್ಕ’ ಎಂದದ್ದು ಅವನೇ.

ಒಂದು ವರ್ಷದ ಹಿಂದೆ ಗುಂಡಿಗೆ ಮೇಲಿನ ಸೀಮೆಯಿಂದ ಒಬ್ಬ ಆಳು ಬಂದ. ಮೂವತ್ತೈದರ ವಯಸ್ಸು, ಮೀಸೆಯಲ್ಲಿ ಆಗಲೇ ಎರಡು ಬಿಳಿಕೂದಲು. ಗುಂಡಿಯ ಮೇಸ್ತ್ರಿ ಪದ್ಮಯ್ಯನ ಹಾಜರಿ ಪುಸ್ತಕದಲ್ಲಿ ಅವನು ರಾಜು. ಶೀನನ ಜೋಡಿ ಕೆಲಸ, ಹಾಗಾಗಿ ಅವನ ಮಧ್ಯಾಹ್ನದ ಊಟವೂ ಗುಲಾಬಿಯದೇ. ದಿನಾ ಬೆಳಿಗ್ಗೆ ಅವಳು ಮೂರು ಅಂತಸ್ತಿನ ಕ್ಯಾರಿಯರಿನಲ್ಲಿ ಇಬ್ಬರ ಅನ್ನ, ಒಂದೇ ಸಾರು ತುಂಬಿ ಕಳಿಸುತ್ತಿದ್ದಳು. ಭಾನುವಾರ ಅವನು ಅವರ ಹಿತ್ತಿಲಲ್ಲಿ ಕೂತು ಸೌದೆ ಒಡೆದುಕೊಡುತ್ತಿದ್ದ. ಒಂದು ದಿನ ನಾನು ಗೋಡೆಯ ಈಚೆಯಿಂದ ಅವನನ್ನು ಮಾತಿಗೆಳೆದೆ.

“ನಿಮ್ಮ ಕಡೆ ಉಂಟು ಅನ್ಲಿಕ್ಕೆ ಎಂತ ಹೇಳ್ತಾರೆ?”

“ಐತಿ ಅಂತೀವ್ರಿ ಅಕ್ಕಾರ,” ಎಂದ. “ಇದ್ದದ್ದಕ್ಕೂ ಐತಿ, ಇಲ್ಲದ್ದಕ್ಕೂ ಐತಿ. ಐತಿ ಐತಿ ಅನ್ಕೋತನ ದಿನಾ ದೂಡತೀವಿ ನೋಡ್ರಿ.”

“ಮನುಷ್ಯರಿಗೆ?”

“ಅದಾನ ಅಂತೀವಿ. ಸತ್ತಾವರಿಗೂ ಅನ್ನಬಹುದ್ರಿ, ನಾಲಿಗಿ ಏನೂ ಅಡ್ಡ ಬರಂಗಿಲ್ಲ.”

“ಹಾಗಾದ್ರೆ ನಿಮ್ಮೂರಲ್ಲಿ ನನಗೆ ಕೆಲಸ ಸಿಕ್ಲಿಕ್ಕಿಲ್ಲ. ಹೆಸರೆಂತ ನಿನ್ನದು?”

ಅವನು ಕೊಡಲಿ ಎತ್ತಿದವನು ಸ್ವಲ್ಪ ತಡೆದ. “ರಾಜು ಅಂತ ಬರಕೊಂಡಾರ್ರಿ,” ಎಂದ. ಗುಲಾಬಿ ಒಳಗಿನಿಂದ ನಕ್ಕಳು. ಯಾಕೆ ನಕ್ಕಳೆಂದು ನಾನು ಕೇಳಲಿಲ್ಲ. ಬರೆದುಕೊಂಡಿದ್ದಾರೆ ಎಂದನೇ ಹೊರತು ಅದು ನನ್ನ ಹೆಸರು ಎನ್ನಲಿಲ್ಲ ಎಂಬುದು ಹೊಳೆಯಲಿಲ್ಲ. ಮಾತೇ ನನ್ನ ಕಸುಬು, ಆದರೂ ಹೊಳೆಯಲಿಲ್ಲ.

ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ ಗುಂಡಿ ಕುಸಿಯಿತು. ಕಾರ್ಖಾನೆಯ ಸೈರನ್ನು ಕೇಳಿ ನಾನು ಕಿಟಕಿ ಮುಚ್ಚುವಷ್ಟರಲ್ಲಿ ಪದ್ಮಯ್ಯ ನನ್ನನ್ನು ಕರೆಯಲಿಕ್ಕೆ ರಿಕ್ಷಾ ಕಳಿಸಿದ್ದ. ನಮ್ಮಲ್ಲಿ ಹಾಗೊಂದು ಕಟ್ಟಳೆ ಉಂಟು. ಮಣ್ಣಿನಡಿ ಸಿಕ್ಕಿದವರ ಹೆಸರು ಹಾಜರಿಯಿಂದ ಓದಬೇಕು, ನಾನು ಗುಂಡಿಯ ಅಂಚಿನಲ್ಲಿ ನಿಂತು ಹೇಳಬೇಕು. ‘ಇದ್ದಾನೆ’ ಎಂಬುದು ಬರುವಷ್ಟು ಹೊತ್ತು ಕಾರ್ಖಾನೆ ಎಲ್ಲ ಕೆಲಸ ನಿಲ್ಲಿಸಿ ಅಗೆಯಬೇಕು. ಬಾರದಿದ್ದರೆ ಕಾರ್ಖಾನೆಯವರಿಗೆ ತುರ್ತಿಲ್ಲ. ಹೆಣ ಯಾವಾಗಲಾದರೂ ತೆಗೆದಾರು, ತೆಗೆಯದೆ ಮುಚ್ಚಿದರೂ ಕೇಳುವವರು ಬೇಕು.

ನಾನು ಹೋದಾಗ ಗುಲಾಬಿ ಅಂಚಿನಲ್ಲಿ ನಿಂತಿದ್ದಳು. ಹಿಟ್ಟು ರುಬ್ಬುತ್ತಿದ್ದವಳು ಹಾಗೇ ಓಡಿ ಬಂದಿದ್ದಳು, ಮೊಣಕೈಯವರೆಗೆ ಹಿಟ್ಟು ಒಣಗಿತ್ತು. ಎರಡು ಗವಿಯ ಬಾಯಿಯೂ ಮುಚ್ಚಿಹೋಗಿದೆ, ಮೂಡು ಗವಿಯಲ್ಲಿ ಶೀನ, ಪಡು ಗವಿಯಲ್ಲಿ ರಾಜು, ಉಳಿದವರು ಹೊರಗೆ ಬಂದಿದ್ದಾರೆ ಎಂದು ಪದ್ಮಯ್ಯ ಹೇಳಿದ. ಇಬ್ಬದಿಯಲ್ಲೂ ಒಟ್ಟಿಗೆ ಅಗೆಯುವ ಹಾಗಿಲ್ಲ, ನಡುವಿನ ದಿಬ್ಬ ಬಿರುಕು ಬಿಟ್ಟಿದೆ, ಇಬ್ಬದಿಯಿಂದ ಅಲುಗಿದರೆ ಅದೂ ಕೂರುತ್ತದೆ ಎಂದ. ಆ ಮಾತು ಸುಳ್ಳಲ್ಲ, ನಾನೇ ಆ ಬಿರುಕು ನೋಡಿದೆ.

ಗುಲಾಬಿ ನನ್ನ ಮುಂಗೈ ಹಿಡಿದುಕೊಂಡಳು. “ಮೊದಲು ಇವರದ್ದು ಹೇಳಿ ಅಕ್ಕ.”

“ಶೀನ ಇದ್ದಾನೆ,” ಎಂದೆ. ಸಲೀಸಾಗಿ ಬಂತು. ಗುಂಪಿನಲ್ಲಿ ಯಾರೋ ದೇವರ ಹೆಸರು ಹೇಳಿದರು. ಗುಲಾಬಿಯ ಉಗುರು ನನ್ನ ಕೈಗೆ ಇಳಿದಿತ್ತು, ಅವಳು ಬಿಡಲಿಲ್ಲ.

ಪದ್ಮಯ್ಯ ಪುಸ್ತಕ ನೋಡಿ, “ರಾಜು,” ಎಂದ.

“ರಾಜು,” ಎಂದೆ ನಾನು. ಕಲ್ಲು. ಅನ್ನದಲ್ಲಿ ಸಿಕ್ಕಿದ ಕಲ್ಲಿನ ಹಾಗೆಯೇ ಹಲ್ಲಿಗೆ ತಾಗಿತು, ಆಮೇಲೆ ಮಾತು ನಿಂತಿತು. ಬಾಯಿ ಒಣಗಲಿಲ್ಲ. ಇದು ಸತ್ತವನ ಲಕ್ಷಣ ಅಲ್ಲ, ಹೆಸರು ತಪ್ಪಿದ ಲಕ್ಷಣ ಎಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ನಾನು ಗುಲಾಬಿಯ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

“ಎಂತಾಯ್ತು ವಾರಿಜಕ್ಕ? ಬಂತಾ, ಇಲ್ವಾ?” ಪದ್ಮಯ್ಯ ಕೇಳಿದ.

“ಬರ್ಲಿಲ್ಲ,” ಎಂದೆ.

ಅದು ಸುಳ್ಳಲ್ಲ. ಬರಲಿಲ್ಲ ನಿಜ. ಹೆಸರು ಸರಿ ಇಲ್ಲ, ಸರಿಯಾದ ಹೆಸರು ಯಾರಿಗೆ ಗೊತ್ತು ಎಂದು ನಾನು ಅಲ್ಲಿ ಕೂಗಿ ಕೇಳಬಹುದಿತ್ತು. ಇಡೀ ಊರಿಗೆ ಬೈಯುವ ಬಾಯಿಗೆ ಅಷ್ಟು ಕಷ್ಟದ ಕೆಲಸ ಅಲ್ಲ ಅದು. ಕೇಳಿದ್ದರೆ ಹೆಸರು ಸಿಗುತ್ತಿತ್ತೋ ಏನೋ, ಸಿಕ್ಕಿದ್ದರೆ ಇಬ್ಬರೂ ಇದ್ದಾರೆ ಎಂದಾಗುತ್ತಿತ್ತು, ಇದ್ದ ಇಪ್ಪತ್ತು ಆಳುಗಳನ್ನು ಯಾವ ಬದಿಗೆ ಹಾಕುವುದು ಎಂದು ಜಗಳ ಶುರುವಾಗುತ್ತಿತ್ತು. ನನಗೆ ಶೀನ ಬೇಕಿತ್ತು. ನಿಷ್ಪಕ್ಷಪಾತದ ನಾಲಿಗೆ ಎಂದು ಸಂಬಳ ತಿಂದ ನನಗೆ ಪಕ್ಕದ ಮನೆಯ ಶೀನನೇ ಬೇಕಿತ್ತು. ಪದ್ಮಯ್ಯ ಜೇಬಿನಿಂದ ಪೆನ್ನು ತೆಗೆದು ರಾಜು ಎಂಬ ಹೆಸರಿನ ಮುಂದೆ ಒಂದು ಗೆರೆ ಎಳೆದ. ಇಪ್ಪತ್ತು ಜನವೂ ಹಾರೆ ಬುಟ್ಟಿ ಹಿಡಿದು ಮೂಡು ಬದಿಗೆ ಹೋದರು.

ಬುಧವಾರ ನಾನು ಏಳು ಸಲ ಹೇಳಿದೆ. ಏಳು ಸಲವೂ ಶೀನ ಇದ್ದಾನೆ ಎಂದು ಬಂತು. ಕಾರ್ಖಾನೆಯವರು ಚಾ ಕಳಿಸಿದರು. ಓಣಿಯ ಹೆಂಗಸರು ಗುಲಾಬಿಗೆ ಗಂಜಿ ಕುಡಿಸಲಿಕ್ಕೆ ನೋಡಿದರು, ಅವಳು ಕುಡಿಯಲಿಲ್ಲ. ಮಣ್ಣಿನ ಬುಟ್ಟಿಗಳು ಮೇಲೆ ಬರುವುದನ್ನು ನೋಡುತ್ತ ಕೂತಿದ್ದಳು. ಒಂದೆರಡು ಸಲ ಅವಳ ಕಣ್ಣು ಪಡು ಬದಿಗೆ ಹೋಗಿ ಬಂದದ್ದನ್ನು ನಾನು ನೋಡಿದೆ. ನನ್ನ ಕಣ್ಣೂ ಅಲ್ಲಿಗೇ ಹೋಗುತ್ತಿತ್ತು, ಹಾಗಾಗಿ ಕಂಡಿತು. ಅಲ್ಲಿ ಯಾರೂ ಇರಲಿಲ್ಲ. ರಾಜುವಿನ ಅಂಗಿಯೊಂದು ಗೂಟಕ್ಕೆ ನೇತುಹಾಕಿದ್ದು ಹಾಗೆಯೇ ಇತ್ತು. ಪಡು ಗವಿಯ ಮೇಲ್ಗಡೆ ನೆಲ ಸೀಳು ಬಿಟ್ಟಿತ್ತು, ಅಲ್ಲಿಂದ ಒಳಗೆ ಗಾಳಿ ಹೋಗುತ್ತಿದ್ದೀತು ಎಂದು ನಾನು ನನಗೇ ಹೇಳಿಕೊಂಡೆ. ಇದ್ದೀತು ಎನ್ನುವುದಕ್ಕೆ ತಡೆ ಇಲ್ಲವಲ್ಲ.

ಗುರುವಾರ ಬೆಳಿಗ್ಗೆಯೂ ಬಂತು. ಮಧ್ಯಾಹ್ನ ಎರಡು ಗಂಟೆಗೆ ಪದ್ಮಯ್ಯ ಕೈಗಡಿಯಾರ ನೋಡಿ ನನಗೆ ಸನ್ನೆ ಮಾಡಿದ. ಆಳುಗಳು ಹಾರೆ ನಿಲ್ಲಿಸಿದರು. “ಶೀನ,” ಎಂದೆ. ಹೆಸರು ಬೆಣ್ಣೆಯ ಹಾಗೆ ಬಂತು. ಆಮೇಲೆ ಬಾಯಿ ಒಣಗಿತು. ನಾನು ನೀರು ಕುಡಿದು ಇನ್ನೊಮ್ಮೆ ಹೇಳಲಿಕ್ಕೆ ನೋಡಿದೆ. ನೀರು ಕುಡಿದರೆ ಹೋಗುವ ಒಣಗು ಅಲ್ಲ ಅದು. ಇಪ್ಪತ್ತಾರು ವರ್ಷದಲ್ಲಿ ನನಗೆ ನನ್ನ ನಾಲಿಗೆಯನ್ನು ಕಿತ್ತು ಎಸೆಯಬೇಕು ಎನ್ನಿಸಿದ್ದು ಅದೇ ಮೊದಲು.

ಇನ್ನೊಂದು ಮಾತು ಹೇಳುವುದು ಬಾಕಿ ಇತ್ತು. ಅದು ಬಂದರೆ ದೇಹವನ್ನಾದರೂ ತೆಗೆದುಕೊಡಿ ಎಂದು ಮನೆಯವರು ಕೇಳಬಹುದು. ನಾನು ಗುಲಾಬಿಯ ಕಡೆ ತಿರುಗದೆ ಹೇಳಿದೆ.

“ಶೀನ ಉಂಟು.”

ಸಲೀಸಾಗಿ ಬಂತು. ಹದಿನೆಂಟು ವರ್ಷ ಅವನ ಜೊತೆ ಬದುಕಿದವಳಿಗೆ ಆ ಮಾತು ನನ್ನ ಬಾಯಿಂದ ಕೇಳಬೇಕಾಯಿತು, ಒಂದು ಕೊಡಪಾನಕ್ಕೋ ಮಣೆಗೋ ಹೇಳುವ ಮಾತು. ಗುಲಾಬಿ ಅಳಲಿಲ್ಲ. ಕೂತಲ್ಲಿಂದ ಎದ್ದಳು. ಮೊಣಕೈಯ ಒಣಹಿಟ್ಟನ್ನು ಉಗುರಿನಿಂದ ಕೆರೆದು ಕೆರೆದು ಉದುರಿಸಿದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

“ಹುಚ್ಚೀರಪ್ಪ.”

“ಎಂತದು?”

“ಅವನ ಹೆಸರು. ಹುಚ್ಚೀರಪ್ಪ ಅಂತ. ಇಲ್ಲಿಯವರು ಹುಚ್ಚ ಅಂತ ನಗಾಡ್ತಾರೆ ಹೇಳಿ ಯಾರಿಗೂ ಹೇಳ್ಲಿಲ್ಲ ಅವನು. ನಮ್ಮ ಮನೆಯಲ್ಲಿ ಮಾತ್ರ ಹೇಳಿದ್ದು.”

“ಯಾವಾಗಿಂದ ಗೊತ್ತು ನಿನಗೆ?”

“ಬಂದ ವಾರದಿಂದಲೇ ಗೊತ್ತು,” ಎಂದಳು. “ಮಂಗಳವಾರ ನೀವು ರಾಜು ಅಂದಾಗಲೂ ಗೊತ್ತಿತ್ತು. ನಾನು ಬಾಯಿಯೊಳಗೆ ಹೇಳಿ ನೋಡಿದೆ ಅಕ್ಕ. ಅವನು ನಮ್ಮ ಮನೆಯವನಲ್ಲ ಅಲ್ವಾ, ನನ್ನ ನಾಲಿಗೆ ಹೆದರ್ಲಿಲ್ಲ. ಬಂತು.”

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಬೈಯಲಿ ಎಂದು ಕಾಯುತ್ತಿದ್ದಳೋ ಏನೋ. ನಾನು ಯಾವ ಮುಖ ಇಟ್ಟುಕೊಂಡು ಬೈಯಲಿ? ಅವಳಿಗೆ ಗಂಡ ಬೇಕಿತ್ತು. ನನಗೆ ಕೆಲಸ ಇತ್ತು, ಅದನ್ನು ನಾನು ಮಾಡಲಿಲ್ಲ.

ನಾನು ಪಡು ಬದಿಗೆ ಓಡಿದೆ. ಐವತ್ತೆರಡರ ಮಂಡಿ, ಮಣ್ಣಿನ ಗಡ್ಡೆಗಳ ಮೇಲೆ ಎರಡು ಸಲ ಬಿದ್ದೆ. ನೇತುಹಾಕಿದ ಅಂಗಿಯ ಹತ್ತಿರ ನಿಂತು, ಉಸಿರು ಹಿಡಿದುಕೊಂಡು ಹೇಳಿದೆ. “ಹುಚ್ಚೀರಪ್ಪ ಇದ್ದಾನೆ.” ಬಂತು. ಕಲ್ಲೂ ಇಲ್ಲ, ಒಣಗೂ ಇಲ್ಲ. ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ, ಗುಂಡಿಯ ಆಚೆ ಬದಿಯವರಿಗೂ ಕೇಳಿತು.

ಪದ್ಮಯ್ಯ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂದ. “ಹುಚ್ಚೀರಪ್ಪ ಅಂತ ಹಾಜರಿಯಲ್ಲಿ ಯಾರೂ ಇಲ್ಲ ವಾರಿಜಕ್ಕ,” ಎಂದ. ಅವನೂ ಈ ಊರಿನವನೇ, ಅವನ ನಾಲಿಗೆಗೂ ಇದೇ ಕಟ್ಟು, ಆದರೆ ‘ಇಲ್ಲ’ ಎಂಬ ಮಾತಿಗೆ ಕಟ್ಟಿಲ್ಲ. ಹಾಜರಿಯಲ್ಲಿ ಆ ಹೆಸರು ಇರಲಿಲ್ಲ ಎಂಬುದೂ ನಿಜ. “ಹಾಜರಿಯಲ್ಲಿ ಇಲ್ಲದವನಿಗೆ ಅಗೆಯಲಿಕ್ಕೆ ಕಂಪೆನಿಗೆ ಜವಾಬ್ದಾರಿ ಇಲ್ಲ. ಪಡು ಗವಿಯಲ್ಲಿ ಇದ್ದದ್ದು ರಾಜು. ರಾಜುವಿಗೆ ಬರ್ಲಿಲ್ಲ ಅಂತ ನೀವೇ ಹೇಳಿದ್ದು. ಇಷ್ಟು ಜನ ಕೇಳಿದ್ದಾರೆ.”

“ರಾಜು ಅಂತ ಬರ್ದವ ಯಾರು?”

“ಹೆಸರು ಕೇಳಿದೆ, ಹೇಳ್ಲಿಲ್ಲ. ಖಾಲಿ ಬಿಡ್ಲಿಕ್ಕೆ ಆಗ್ತದಾ? ಏನಾದ್ರೂ ಒಂದು ಬರೀಬೇಕಲ್ಲ.”

ನಾನು ಅವನಿಗೆ ಆಮೇಲೆ ಹೇಳಿದ್ದನ್ನು ಇಲ್ಲಿ ಬರೆಯಲಾರೆ. ಅವನ ಅಜ್ಜನ ಕಾಲದವರೆಗೆ ಹೋಗಿ ಬಂದೆ. ಅವನು ಹೆದರಲಿಲ್ಲ, ಪುಸ್ತಕವನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡ. ನಾವಿಬ್ಬರೂ ಹೀಗೆ ಕಿತ್ತಾಡುತ್ತಿದ್ದಾಗ ಗುಲಾಬಿ ಮೂಡು ಬದಿಯಿಂದ ಒಂದು ಬುಟ್ಟಿ, ಒಂದು ಹಾರೆ ಎತ್ತಿಕೊಂಡು ಬಂದು, ನಮ್ಮನ್ನು ದಾಟಿ ಹೋಗಿ, ಪಡು ಗವಿಯ ಬಾಯಿ ಇದ್ದಲ್ಲಿ ಅಗೆಯಲಿಕ್ಕೆ ಶುರು ಮಾಡಿದಳು. ಅವಳ ಗಂಡನ ದೇಹ ಇನ್ನೂ ಮೂಡು ಬದಿಯ ಮಣ್ಣಿನೊಳಗೆ ಇತ್ತು. ಅದನ್ನು ಬಿಟ್ಟು ಬಂದಳು. ಶೀನನ ಜೊತೆ ದುಡಿದವರು ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ಒಬ್ಬ ಬಂದ, ಇನ್ನೊಬ್ಬ ಬಂದ. ಪದ್ಮಯ್ಯ ಕೂಗಿದ, ಈ ದಿನದ ಹಾಜರಿ ಕೊಡುವುದಿಲ್ಲ ಎಂದ. ಹದಿನಾಲ್ಕು ಜನ ಉಳಿದರು.

ಕತ್ತಲಾದ ಮೇಲೆ ಗ್ಯಾಸ್‌ಲೈಟು ತಂದರು. ಗಂಟೆಗೊಮ್ಮೆ ನಾನು ಹೇಳುತ್ತಿದ್ದೆ, ಗಂಟೆಗೊಮ್ಮೆ ಬರುತ್ತಿತ್ತು. ಶುಕ್ರವಾರ ಬೆಳಗಾದಾಗ ಇನ್ನು ಎರಡು ಆಳುದ್ದ ಉಂಟು ಎಂದರು. ಎಂಟು ಗಂಟೆಗೆ ಒಂದು ಆಳುದ್ದ. ಗುಲಾಬಿಯ ಅಂಗೈ ಸುಲಿದು ಹೋಗಿತ್ತು, ಸೆರಗು ಹರಿದು ಕೈಗೆ ಸುತ್ತಿಕೊಂಡಿದ್ದಳು. ನಾನು ಆಗ ಗಂಟೆಗೆ ಕಾಯುವುದನ್ನೂ ಬಿಟ್ಟಿದ್ದೆ. ಬುಟ್ಟಿ ಬುಟ್ಟಿಗೂ ಹೇಳುತ್ತಿದ್ದೆ. ಇದ್ದಾನೆ. ಹುಚ್ಚೀರಪ್ಪ ಇದ್ದಾನೆ. ನಾನು ಹೇಳುತ್ತಲೇ ಇದ್ದರೆ ಅವನು ಇರುತ್ತಾನೆ ಎಂದು ನನಗೆ ಭ್ರಮೆ ಹಿಡಿದಿತ್ತು. ನಾಲಿಗೆಗೆ ಅಂಥ ಶಕ್ತಿ ಏನೂ ಇಲ್ಲ. ಇದ್ದದ್ದನ್ನು ಇದೆ ಎನ್ನುವುದಕ್ಕಷ್ಟೇ ಅದು.

ಹತ್ತೂಕಾಲಿಗೆ ಹುಚ್ಚೀರಪ್ಪ ಎಂದೆ, ಬಾಯಿ ಒಣಗಿತು.

ನಾನು ಯಾರಿಗೂ ಹೇಳಲಿಲ್ಲ. ತಿರುಗಿ ನಿಂತು ತುಟಿ ಅಲುಗಿಸುತ್ತ ಹೇಳಿದ ಹಾಗೆ ಮಾಡಿದೆ. ಆದರೆ ನಾನು ಗಟ್ಟಿಯಾಗಿ ಹೇಳುವುದನ್ನು ನಿಲ್ಲಿಸಿದ್ದನ್ನು ಗುಲಾಬಿ ಗಮನಿಸಿದಳು. ಒಮ್ಮೆ ತಲೆ ಎತ್ತಿ ನೋಡಿದಳು, ಮತ್ತೆ ಅಗೆದಳು. ಹನ್ನೊಂದಕ್ಕೆ ಗವಿಯ ಒಳಗೆ ಕೈ ಹೋಗುವಷ್ಟು ತೂತು ಬಿತ್ತು. ಅವನನ್ನು ಹೊರಗೆ ತಂದಾಗ ಮೈ ಇನ್ನೂ ಬೆಚ್ಚಗಿತ್ತು. ಎಲ್ಲಿಯೂ ಪೆಟ್ಟು ಬಿದ್ದಿರಲಿಲ್ಲ. ತುಟಿ ಒಡೆದಿತ್ತು, ಮೀಸೆಗೆಲ್ಲ ಮಣ್ಣು ಹಿಡಿದು ಬಿಳಿಕೂದಲು ಕಾಣುತ್ತಿರಲಿಲ್ಲ.

ಅವನ ಜೊತೆ ಕ್ಯಾರಿಯರೂ ಸಿಕ್ಕಿತು. ಪಡು ಗವಿ ತಂಪೆಂದು ಇಬ್ಬರ ಊಟವನ್ನೂ ಅಲ್ಲೇ ಇಟ್ಟಿರುತ್ತಿದ್ದರಂತೆ, ಒಂದು ಗಂಟೆಗೆ ಶೀನ ಆಚೆಯಿಂದ ಬಂದು ಒಟ್ಟಿಗೆ ಕೂತು ಉಣ್ಣುವುದು ರೂಢಿಯಂತೆ. ಗುಲಾಬಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಿಚ್ಚಿದಳು. ಕೆಳಗಿನ ಅಂತಸ್ತು ಖಾಲಿ, ಬೆರಳಿನಿಂದ ಒರೆಸಿ ತಿಂದ ಗುರುತಿತ್ತು. ಸಾರಿನದು ಅರ್ಧ ಖಾಲಿ. ಮೇಲಿನ ಅಂತಸ್ತಿನ ಅನ್ನ ಹಳಸಿ ನೀರು ಬಿಟ್ಟಿತ್ತು, ಆದರೆ ಹಾಕಿದಷ್ಟೂ ಹಾಗೆಯೇ ಇತ್ತು. ಅದು ಶೀನನ ಪಾಲು. ಮೂರು ದಿನ ಮಣ್ಣಿನೊಳಗೆ ಕೂತು ಹುಚ್ಚೀರಪ್ಪ ಅದನ್ನು ಮುಟ್ಟಿರಲಿಲ್ಲ. ಗುಲಾಬಿ ಆಗ ಅತ್ತಳು. ಗಂಡನಿಗೆ ಅಳದವಳು ಆ ಹಳಸಿದ ಅನ್ನ ನೋಡಿ ನೆಲಕ್ಕೆ ತಲೆ ಬಡಿದುಕೊಂಡು ಅತ್ತಳು, ನಾನು ಅವಳನ್ನು ಹಿಡಿಯಲಿಕ್ಕೂ ಹೋಗಲಿಲ್ಲ.

ಶನಿವಾರ ಶೀನನನ್ನು ತೆಗೆದರು. ಇಬ್ಬರನ್ನೂ ಒಂದೇ ದಿನ ಸುಟ್ಟೆವು. ಹೊಗೆ ಆರಿದ ಮೇಲೆ ನಾನು ಬಾಯಿಯೊಳಗೇ ಎರಡೂ ಹೆಸರಿಗೆ ಉಂಟು ಎಂದು ಹೇಳಿ ನೋಡಿದೆ. ಎರಡಕ್ಕೂ ಬರಲಿಲ್ಲ. ಕಾರ್ಖಾನೆಯ ಮೇಲೆ ಪುರಸಭೆಗೆ ಅರ್ಜಿ ಬರೆದೆ. ಪದ್ಮಯ್ಯನ ಹಾಜರಿ ಪುಸ್ತಕದಲ್ಲಿ ಹತ್ತು ವರ್ಷದಲ್ಲಿ ಹೊರಗಿನಿಂದ ಬಂದ ಹದಿನಾಲ್ಕು ಜನರೂ ರಾಜುಗಳೇ ಎಂದು, ಹೆಸರು ತಪ್ಪು ಬರೆದರೆ ಕಿಟಕಿಯವಳ ನಾಲಿಗೆ ನಿಲ್ಲುತ್ತದೆ, ನಿಂತರೆ ಕಂಪೆನಿಗೆ ಅಗೆಯುವ ಖರ್ಚು ಉಳಿಯುತ್ತದೆ, ಇದು ಗೊತ್ತಿದ್ದೇ ಮಾಡಿದ್ದು ಎಂದು ನಾಲ್ಕು ಪುಟ ಬರೆದೆ. ಮಂಗಳವಾರ ನನ್ನ ಹಲ್ಲಿಗೆ ತಾಗಿದ ಕಲ್ಲಿನ ವಿಷಯವನ್ನೂ ಬರೆದೆ. ಎರಡು ತಿಂಗಳ ಮೇಲೆ ಒಂದು ಸಾಲಿನ ಉತ್ತರ ಬಂತು. ರಾಜು ಎಂಬಾತನು ಇಲ್ಲ ಎಂಬುದಕ್ಕೆ ತಮ್ಮ ನಾಲಿಗೆಯೇ ಸಾಕ್ಷಿಯಾಗಿರುವುದರಿಂದ ಈ ವಿಷಯ ಮುಕ್ತಾಯಗೊಳಿಸಲಾಗಿದೆ ಎಂದು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಸ್ವಲ್ಪ ನೆಮ್ಮದಿಯಾಗುತ್ತಿತ್ತು. ಗುಲಾಬಿ ಈಗಲೂ ಪಕ್ಕದ ಮನೆಯಲ್ಲಿದ್ದಾಳೆ. ಗೋಡೆಯ ಆಚೆ ಅವಳು ಪಾತ್ರೆ ತೊಳೆಯುತ್ತಾಳೆ, ಈಚೆ ನಾನು ತೊಳೆಯುತ್ತೇನೆ. ಮಾತಿಲ್ಲ. ಜಗಳವೂ ಇಲ್ಲ. ಹುಚ್ಚೀರಪ್ಪನ ಊರು ಯಾವುದೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ, ಅಲ್ಲಿ ಬಾವಿಯ ನೀರು ಉಪ್ಪು ಎನ್ನುತ್ತಿದ್ದನಂತೆ, ಅವ್ವ ಇದ್ದಾಳೆ ಎನ್ನುತ್ತಿದ್ದನಂತೆ. ಲಾರಿಯವರ ಹತ್ತಿರ ಹೇಳಿ ಕಳಿಸಿದೆವು, ಉತ್ತರ ಬರಲಿಲ್ಲ. ಆ ಮುದುಕಿ ಎಲ್ಲೋ ಒಂದು ಕಟ್ಟೆಯ ಮೇಲೆ ಕೂತು, ಮಗನನ್ನು ಕೇಳಿದವರಿಗೆ ‘ಅದಾನ’ ಎನ್ನುತ್ತಿರಬೇಕು. ಅವರ ಕಡೆ ನಾಲಿಗೆ ಅಡ್ಡ ಬರುವುದಿಲ್ಲವಲ್ಲ. ದಿನಾ ಹೇಳುತ್ತಾಳೆ, ದಿನಾ ಬರುತ್ತದೆ.

ಗುಂಡಿಯನ್ನು ಮತ್ತೆ ತೆರೆದಿದ್ದಾರೆ. ನಾನು ಈಗ ಕಿಟಕಿ ತೆರೆಯುವ ಮೊದಲು ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ಗೇಟಿನ ಹತ್ತಿರ ನಿಲ್ಲುತ್ತೇನೆ. ಇಳಿಯುವವರ ಹೆಸರು ಕೇಳಿ, ಅವರೆದುರೇ ಹೇಳಿ ನೋಡುತ್ತೇನೆ. ಈ ಕಿಟಕಿಯ ಮುದುಕಿಗೆ ತಲೆ ಕೆಟ್ಟಿದೆ ಎಂದು ಅವರು ನಗುತ್ತಾರೆ, ನಗಲಿ. ನಿನ್ನೆ ಹೊಸಬನೊಬ್ಬ ಬಂದ. ನಲವತ್ತರ ಹತ್ತಿರ ವಯಸ್ಸು, ಹೆಗಲ ಮೇಲೆ ಗುದ್ದಲಿ, ಕಾಲಿಗೆ ಹೊಸ ಚಪ್ಪಲಿ. ಪದ್ಮಯ್ಯ ಅವನ ಹಿಂದೆಯೇ ಪುಸ್ತಕ ಹಿಡಿದು ನಿಂತಿದ್ದ.

“ಹೆಸರೆಂತ ಅಣ್ಣ?” ಎಂದೆ.

“ರಾಜು,” ಎಂದ ಅವನು.

ನಾನು ಅವನ ಮುಖ ನೋಡಿ, “ರಾಜು,” ಎಂದೆ. ಕಲ್ಲು ಸಿಕ್ಕಿತು, ಮಾತು ನಿಂತಿತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಎಲೆ ಅಗಿಯುತ್ತ, ನನ್ನಿಂದ ಒಂದು ಮಾರು ದೂರದಲ್ಲಿ ನಿಂತಿದ್ದ ಮನುಷ್ಯ. ಅವನ ಕತ್ತಿನ ನರ ಬಡಿಯುವುದು ನನಗೆ ಕಾಣುತ್ತಿತ್ತು. ಇದ್ದಾನೆ ಎನ್ನಲಿಕ್ಕೆ ನನ್ನಿಂದ ಆಗಲಿಲ್ಲ.

“ನಿನ್ನ ಅಮ್ಮ ಕರೆದ ಹೆಸರು ಹೇಳು ಮಾರಾಯ,” ಎಂದೆ. “ನಗುವುದಿಲ್ಲ, ನನ್ನ ಆಣೆ. ಕಿವಿಯಲ್ಲಿ ಹೇಳಿದ್ರೂ ಸಾಕು.”

ಅವನು ಒಮ್ಮೆ ಹಿಂದೆ ತಿರುಗಿ ಪದ್ಮಯ್ಯನನ್ನು ನೋಡಿದ. ಆಮೇಲೆ ಹೊಸ ಚಪ್ಪಲಿ ಕಳಚಿ, ಮಣ್ಣಾಗದ ಹಾಗೆ ಗೇಟಿನ ಬದಿಗೆ ಜೋಡಿಸಿಟ್ಟು, ಗುಂಡಿಗೆ ಇಳಿದುಹೋದ.

“ಚಪ್ಪಲಿ ಉಂಟು,” ಎಂದೆ ನಾನು. ಅದು ಬಂತು.